ಮಡಚಿದ ಬೆರಳು

ಕಳೆದ ತಿಂಗಳು ಕಾರ್ಕಳದ ಮಗಳ ಮನೆಗೆ ಹೋಗಿದ್ದೆ. ಸಂಜೆ ಹಿತ್ತಲಿನಲ್ಲಿ ಅಡ್ಡಾಡುತ್ತಿದ್ದಾಗ ಐದು ವರ್ಷದ ಮೊಮ್ಮಗಳು "ಅಜ್ಜ, ಅಲ್ಲಿ ನೋಡಿ, ಸೋರೆಕಾಯಿಯ ಮರಿ" ಎಂದು ಚಪ್ಪರದ ಕಡೆಗೆ ಬೆರಳು ಚಾಚಿದಳು. ನನಗೇ ಗೊತ್ತಿಲ್ಲದೆ ಅವಳ ಕೈ ಹಿಡಿದು ಆ ಬೆರಳನ್ನು ಮಡಚಿಬಿಟ್ಟೆ. ಹೀಗೆ ತೋರಿಸಬೇಕು ಪುಟ್ಟೀ, ಗೆಣ್ಣಿನಲ್ಲಿ ಎಂದೆ. ಒಣಗಿದ ಬಟ್ಟೆ ತೆಗೆಯುತ್ತಿದ್ದ ಮಗಳು ಬಿದ್ದು ಬಿದ್ದು ನಕ್ಕಳು. ಗ್ರಹಣದ ಹೊತ್ತಿನಲ್ಲಿ ಹಠಕ್ಕೆ ಊಟ ಮಾಡುವ ಅಪ್ಪನಿಗೆ ಇದೆಂತ ಹೊಸ ಶಾಸ್ತ್ರ ಎಂದು ಅವಳ ಪ್ರಶ್ನೆ. ಹೊಸತಲ್ಲ. ಎರಡು ಸಾವಿರದ ಒಂದನೇ ಇಸವಿಯ ಕೊನೆಯಿಂದ ಮರುವರ್ಷದ ಮಳೆಯವರೆಗೆ ಮಣಿಪಾಲದ ಒಂದು ತರಕಾರಿ ತೋಟದಲ್ಲಿ ಕಲಿತದ್ದು. ಆಗ ಅವಳು ಹೈಸ್ಕೂಲಿನಲ್ಲಿದ್ದಳು. ಭಾನುವಾರ ಬೆಳಿಗ್ಗೆ ಅಪ್ಪ ಎಲ್ಲಿಗೆ ಹೋಗುತ್ತಾನೆ ಎಂದು ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಆಗ ನಾನು ಕಾಲೇಜೊಂದರಲ್ಲಿ ಚಿತ್ರಕಾರ. ಚಿತ್ರಕಾರ ಎಂದರೆ ದೊಡ್ಡ ಮಾತಾಯಿತು. ಡಾಕ್ಟರಿಕೆ ಕಲಿಯುವ ಮಕ್ಕಳ ಪಾಠಕ್ಕೆ ಪಿತ್ತಕೋಶ, ಮೂತ್ರಪಿಂಡ, ಮೊಣಕಾಲಿನ ಚಿಪ್ಪು ಎಲ್ಲವನ್ನೂ ದೊಡ್ಡ ಹಾಳೆಗಳಲ್ಲಿ ಬಿಡಿಸಿ, ಬಾಣದ ಗುರುತು ಹಾಕಿ ಹೆಸರು ಬರೆಯುವುದು ನನ್ನ ಕೆಲಸ. ಊರಿಗೆಲ್ಲ ನಾನು ಚಾರ್ಟ್ ಭಟ್ರು. ಒಂದು ನರ ಕೂದಲೆಳೆಯಷ್ಟು ಆಚೀಚೆ ಆದರೂ ಡಾಕ್ಟರುಗಳು ಹಾಳೆ ವಾಪಸು ಕಳಿಸುವವರು, ಆದ್ದರಿಂದ ನನ್ನ ಕೈಯಲ್ಲಿ ಆಚೀಚೆ ಆಗುತ್ತಲೇ ಇರಲಿಲ್ಲ. ಅದರ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ವರ್ಷ ಪಾಠದ ಕೋಣೆಗಳಿಗೆ ಪ್ರೊಜೆಕ್ಟರ್ ಬಂತು. ನನ್ನ ಚಾರ್ಟುಗಳು ಸುರುಳಿ ಸುತ್ತಿಕೊಂಡು ಕಪಾಟಿನ ಮೇಲೆ ಹತ್ತಿ ಕುಳಿತವು. ಸಂಬಳ ಬರುತ್ತಿತ್ತು, ಕೆಲಸ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪೆನ್ಸಿಲು ಚೂಪು ಮಾಡಿಕೊಂಡು ಕುಳಿತಿರುತ್ತಿದ್ದೆ.

ಅಂಥದ್ದೊಂದು ದಿನ ಸಿಸಿಲಿಯಾ ಟೀಚರ್ ನನ್ನ ಕೋಣೆಗೆ ಬಂದರು. ಕಾರ್ಕಳದವರು, ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ತೆಳ್ಳಗಿನ ಮೈ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಊಟದ ಬುತ್ತಿಯಂಥ ಸ್ಟೀಲ್ ಡಬ್ಬಿ, ಅದರೊಳಗೆ ಕುಂಚಗಳು. ಹಿಂಬದಿ ಖಾಲಿ ಇರುವ ಹಳೆ ಹಾಳೆಗಳಿದ್ದರೆ ಕೊಡಿ, ಭಾನುವಾರ ನಾವು ಕೆಲವರು ತೋಟದಲ್ಲಿ ಕುಳಿತು ಚಿತ್ರ ಬರೆಯುತ್ತೇವೆ ಎಂದರು. ಹಾಳೆ ಹುಡುಕುವಾಗ ಕಪಾಟಿನಿಂದ ಒಂದು ಚಾರ್ಟು ಬಿಚ್ಚಿಕೊಂಡಿತು. ಅದನ್ನು ಅವರು ಬಹಳ ಹೊತ್ತು ನೋಡಿದರು. "ಭಟ್ರೇ, ಇದರಲ್ಲಿ ತಪ್ಪೇ ಇಲ್ಲ" ಎಂದರು. ನನ್ನ ಎದೆ ಉಬ್ಬಿತು. "ಜೀವವೂ ಇಲ್ಲ. ಭಾನುವಾರ ನೀವೂ ಬನ್ನಿ" ಎಂದು ಹಾಳೆ ಸುತ್ತಿಕೊಂಡು ಹೊರಟೇಬಿಟ್ಟರು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಮುಂದಿನ ಭಾನುವಾರ ಆರೂವರೆಗೇ ನಾನು ತೋಟದ ಬಾಗಿಲಲ್ಲಿದ್ದೆ.

ಅದು ನಮ್ಮ ಬೀದಿಯ ಹಿಂಬದಿಯ ಅರ್ಧ ಎಕರೆ ಖಾಲಿ ಜಾಗ. ಒಡೆಯರು ಮುಂಬಯಿಯಲ್ಲಿದ್ದರು. ಮನೆ ಕಟ್ಟುವವರೆಗೆ ಬೇಕಾದ್ದು ಬೆಳೆದುಕೊಳ್ಳಿ ಎಂದು ಬೀದಿಯವರಿಗೆ ಬಿಟ್ಟುಕೊಟ್ಟಿದ್ದರು. ಹನ್ನೆರಡು ಮನೆಯವರು ಹನ್ನೆರಡು ಪಾಲು ಮಾಡಿಕೊಂಡು ಅದಕ್ಕೆ ಪಾಲಿನ ತೋಟ ಎಂದೇ ಹೆಸರಿಟ್ಟಿದ್ದರು. ನಾನು ಪಾಲು ಕೇಳಿರಲಿಲ್ಲ. ಮುರಕಲ್ಲಿನ ನೆಲ, ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಅದರ ಮೇಲೆ ಗೊಬ್ಬರ, ಸುಡುಮಣ್ಣು, ತರಗೆಲೆ ಹೊತ್ತು ಹಾಕಿ ಹರಿವೆ, ಅಲಸಂಡೆ, ಗುಳ್ಳ ಬದನೆ, ಪಡುವಲ ಬೆಳೆದಿದ್ದರು. ಒಂದೇ ಬಾವಿ. ಪಂಪಿನ ಕೀಲಿಕೈ ಹಮೀದ್ ಬ್ಯಾರಿಗಳ ಕೈಯಲ್ಲಿ. ಹತ್ತು ವರ್ಷ ಗಲ್ಫಿನಲ್ಲಿದ್ದು ಬಂದು ಬೀದಿಯ ತುದಿಯಲ್ಲಿ ಅಂಗಡಿ ಇಟ್ಟವರು. ಮರಳು ನೋಡಿ ಸಾಕಾಗಿ ಹಸಿರಿಗೆ ಹುಚ್ಚು ಹಿಡಿದದ್ದು ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ತೋಟದ ಆಚೆ ತುದಿಗೆ ತಗಡಿನ ಶೆಡ್ಡುಗಳು. ಪಕ್ಕದ ಕಟ್ಟಡದ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರು ಅಲ್ಲಿದ್ದರು. ನೀರು ಹಾಕಲು ನೆರವಾಗುತ್ತಾರೆಂದು ಅವರಿಗೂ ಎರಡು ಸಾಲು ಕೊಟ್ಟಿದ್ದರು.

ನಾವು ಚಿತ್ರ ಬರೆಯುವವರು ಆರು ಜನ. ಫೋಟೋ ಸ್ಟುಡಿಯೋದವನೊಬ್ಬ, ಬ್ಯಾಂಕಿನವರೊಬ್ಬರು, ಇಬ್ಬರು ಕಾಲೇಜು ಹುಡುಗಿಯರು, ಟೀಚರು, ನಾನು. ಡಿಸೆಂಬರಿನ ಇಬ್ಬನಿ ಇನ್ನೂ ಎಲೆಯ ಮೇಲಿತ್ತು. ಎಲ್ಲರೂ ಒಂದೊಂದು ಕಡೆ ಕುಳಿತೆವು. ಚಿತ್ರ ಕಲಿತವರಿಗೆ ಒಂದು ಅಭ್ಯಾಸ ಇರುತ್ತದೆ. ಒಂದು ಕಣ್ಣು ಮುಚ್ಚಿ, ಕೈಯನ್ನು ನೆಟ್ಟಗೆ ಮುಂದೆ ಚಾಚಿ, ಪೆನ್ಸಿಲಿನ ತುದಿಯಿಂದ ಎದುರಿನ ವಸ್ತುವಿನ ಉದ್ದ ಅಗಲ ಅಳೆಯುವುದು. ಟೀಚರೊಬ್ಬರನ್ನು ಬಿಟ್ಟು ಐದೂ ಜನ ಒಟ್ಟಿಗೆ ಚಪ್ಪರದ ಕಡೆಗೆ ಕೈ ಚಾಚಿದೆವು.

ತೋಟದಲ್ಲಿ ಕೊಡ ಬಿದ್ದ ಸದ್ದಾಯಿತು. ನೀರು ಹಾಕುತ್ತಿದ್ದವರೆಲ್ಲ ಹಾಗೆಯೇ ನಿಂತಿದ್ದರು. ಹಮೀದ್ ಬ್ಯಾರಿಗಳು ಲುಂಗಿ ಎತ್ತಿಕಟ್ಟಿಕೊಂಡು ಓಡಿಬಂದರು. "ಎಂತ ಟೀಚರ್ ಇದು, ಹೀಚು ಬಿಡುವ ಹೊತ್ತಿಗೆ ಐದು ಜನ ಬೆರಳು ತೋರಿಸಿದರೆ ಒಂದಾದರೂ ಉಳಿಯುವುದುಂಟಾ?" ಎಂದರು. ಹೀಚು ಕಾಯಿಗೆ ಬೆರಳು ತೋರಿಸಿದರೆ ಅದು ಕೊಳೆತು ಬೀಳುತ್ತದೆ ಎಂಬ ನಂಬಿಕೆ ನನ್ನ ಅಜ್ಜಿಗೂ ಇತ್ತು. ಆದರೆ ಅಲ್ಲಿ ನೋಡಿದರೆ ಬ್ಯಾರಿಗಳಿಗೂ ಅದೇ, ಕೊಂಕಣಿ ಮಾತಾಡುವ ಮನೆಯವರಿಗೂ ಅದೇ, ಶೆಡ್ಡಿನಿಂದ ಬಂದ ಬಯಲುಸೀಮೆಯ ಹೆಂಗಸರಿಗೂ ಅದೇ. ಎಷ್ಟು ನೀರು, ಯಾರ ಸರದಿ, ಹಸುವಿನ ಸೆಗಣಿಯೋ ಕೋಳಿ ಗೊಬ್ಬರವೋ ಎಂಬ ಯಾವ ವಿಷಯಕ್ಕೂ ಒಂದಾಗದ ಹನ್ನೆರಡು ಮನೆ ಈ ಒಂದು ಮಾತಿಗೆ ಒಂದಾಗಿ ನಿಂತಿತ್ತು. ನನಗೆ ನಗು ತಡೆಯಲಿಲ್ಲ. ಕೊಳೆಯುವುದು ಹಣ್ಣುನೊಣದಿಂದ, ಪೆನ್ಸಿಲಿನಿಂದ ಅಲ್ಲ ಮಾರಾಯ್ರೆ ಎಂದು ಪಾಠ ಶುರುಮಾಡಿದೆ. ಟೀಚರು ನನ್ನನ್ನು ಅಲ್ಲಿಗೇ ತಡೆದರು.

"ಭಟ್ರೇ, ಇದು ಅವರ ತೋಟ. ಇನ್ನು ಇಲ್ಲಿ ಯಾರೂ ಅಳೆಯುವುದು ಬೇಡ, ಸುಮ್ಮನೆ ನೋಡುವ" ಎಂದರು. ಅಂದಿನಿಂದ ಅದು ನಮ್ಮ ಗುಂಪಿನ ನಿಯಮವಾಯಿತು. ಕೈ ಚಾಚುವಂತಿಲ್ಲ. ಯಾವ ಸಾಲಿನ ಮುಂದೆ ಕುಳಿತುಕೊಳ್ಳಬೇಕೋ ಆ ಸಾಲಿಗೆ ಮೊದಲು ನಾಲ್ಕು ಕೊಡ ನೀರು ಹಾಕಬೇಕು, ಆಮೇಲೆ ಅರ್ಧ ಗಂಟೆ ಪೆನ್ಸಿಲು ಮುಟ್ಟದೆ ನೋಡಬೇಕು. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಲ್ಲಿ ತೋರಿಸಬೇಕು. ಉಳಿದವರೆಲ್ಲ ಇದನ್ನು ಬೇಗ ಕಲಿತರು. ಅವರ ಚಿತ್ರಗಳು ವಾರದಿಂದ ವಾರಕ್ಕೆ ಬದಲಾಗುವುದನ್ನು ನಾನೇ ಕಂಡೆ. ಸ್ಟುಡಿಯೋದವನ ಗುಳ್ಳ ಬದನೆ ಹಾಳೆಯ ಮೇಲೆ ಕೂತ ಹಾಗಲ್ಲ, ಗಿಡದಿಂದ ತೂಗಿದ ಹಾಗೆಯೇ ಇರುತ್ತಿತ್ತು. ಟೀಚರಂತೂ ಎರಡು ಬಣ್ಣದಲ್ಲಿ ಇಬ್ಬನಿ ಬರೆದುಬಿಡುತ್ತಿದ್ದರು. ಬರೆದರು ಎನ್ನುವುದಕ್ಕಿಂತ ಹಾಳೆಯ ಬಿಳಿಯನ್ನು ಮುಟ್ಟದೆ ಬಿಟ್ಟರು ಎನ್ನಬೇಕು. ಎಪ್ಪತ್ತರ ಹತ್ತಿರದ ಹೆಂಗಸು, ಕಾರ್ಕಳದಿಂದ ಮೊದಲ ಬಸ್ಸು ಹಿಡಿದು ಬಂದು, ನೀರು ಹೊತ್ತು, ಅರ್ಧ ಗಂಟೆ ಒಂದು ಅಲಸಂಡೆ ಹೂವಿನ ಎದುರು ಕೈಕಟ್ಟಿ ನಿಲ್ಲುತ್ತಿದ್ದರು. ಅವರನ್ನು ನೋಡಿದರೆ ನನಗೆ ಗೌರವ ಉಕ್ಕುತ್ತಿತ್ತು. ನನ್ನ ಚಿತ್ರ ಮಾತ್ರ ಚಾರ್ಟಾಗಿಯೇ ಉಳಿಯಿತು. ಬಾಣದ ಗುರುತೊಂದು ಬಾಕಿ.

ಶೆಡ್ಡಿನ ಸಾಲಿನಲ್ಲಿ ಯಲ್ಲವ್ವನ ಸೋರೆ ಬಳ್ಳಿ ಇತ್ತು. ಯಲ್ಲವ್ವನಿಗೆ ಆಗ ನಲವತ್ತು ಆಗಿರಬಹುದು. ಗಂಡ ಗಾರೆ ಕೆಲಸ, ಇವಳು ಕಲ್ಲು ಹೊರುವವಳು. ಭಾನುವಾರ ಮಾತ್ರ, ಅದೂ ಅಡುಗೆ ಬಟ್ಟೆ ಮುಗಿಸಿ ಹತ್ತು ಗಂಟೆಯ ಮೇಲೆ, ತೋಟದಲ್ಲಿ ಸಿಗುತ್ತಿದ್ದಳು. ಅವಳ ಬಳ್ಳಿಯಲ್ಲಿ ಒಂದೇ ಕಾಯಿ. ಅಂಥ ಸೋರೆಯನ್ನು ನಾನು ನಮ್ಮ ಕಡೆ ನೋಡಿರಲಿಲ್ಲ. ಕೆಳಗೆ ಕೊಡದ ಹಾಗೆ ಗುಂಡಗೆ, ಮೇಲೆ ಉದ್ದ ಕತ್ತು, ಆ ಕತ್ತು ಯಾರೋ ಕರೆದದ್ದಕ್ಕೆ ತಿರುಗಿ ನೋಡಿದ ಹಾಗೆ ಬಾಗಿತ್ತು. ಉಳಿದ ಹೀಚುಗಳನ್ನೆಲ್ಲ ಅವಳು ಕಿತ್ತು ಇದೊಂದನ್ನೇ ಬಿಟ್ಟಿದ್ದಳು. ಯಾಕೆಂದು ಕೇಳಿದೆ. "ಬೀಜಕ್ಕರಿ ಸರ. ಇದು ನಮ್ಮವ್ವನ ಹಿತ್ತಲದ ಬೀಜ. ಆ ಹಿತ್ತಲ ಈಗ ನೀರಾಗ ಐತಿ" ಎಂದಳು. ಅವಳ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಹೊರಡುವಾಗ ಅವಳ ಅವ್ವ ಸೆರಗಿನ ತುದಿಗೆ ಕಟ್ಟಿಕೊಟ್ಟದ್ದು ಈ ಬೀಜ. ಅವ್ವ ತೀರಿಕೊಂಡು ವರ್ಷವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಶೆಡ್ಡು ಸೋರಿ ಬೀಜದ ಗಂಟಿಗೆ ಬೂಷ್ಟು ಹಿಡಿದು, ಹಾಕಿದ್ದರಲ್ಲಿ ಹುಟ್ಟಿದ್ದು ಈ ಒಂದು ಬಳ್ಳಿ ಮಾತ್ರ. ಅದರಲ್ಲಿ ನಿಂತದ್ದು ಈ ಒಂದು ಕಾಯಿ. ಬಳ್ಳಿಯಲ್ಲೇ ಬಲಿತು ಒಣಗಿ, ಅಲುಗಾಡಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು, ಆಗಲೇ ಕೀಳುವುದು. ಇದು ಹೋದರೆ ಹೋಯಿತು, ಮತ್ತೆಲ್ಲೂ ಸಿಗುವುದಿಲ್ಲ ಎಂದು ಅವಳು ಹೇಳಿದ್ದನ್ನು ನಾನು ಈ ಎರಡು ಕಿವಿಯಿಂದ ಕೇಳಿದ್ದೇನೆ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಜನವರಿಯಲ್ಲಿ ಟೀಚರು ಒಂದು ಸುದ್ದಿ ಹೇಳಿದರು. ಫೆಬ್ರವರಿ ಕೊನೆಗೆ ಉಡುಪಿಯ ಕಡಿಯಾಳಿ ಹತ್ತಿರದ ಸಭಾಭವನದಲ್ಲಿ ನಮ್ಮ ಚಿತ್ರಗಳ ಪ್ರದರ್ಶನ, ಒಬ್ಬೊಬ್ಬರದು ಎರಡೆರಡು. ನನ್ನ ಹತ್ತಿರ ತೋರಿಸುವಂಥದ್ದು ಒಂದೂ ಇರಲಿಲ್ಲ. ನಮ್ಮ ಕಾಲೇಜಿನ ಡಾಕ್ಟರುಗಳೂ ಬರುತ್ತಾರೆ ಎಂದು ತಿಳಿದಾಗ ನನಗೆ ನಿದ್ದೆ ಹಾರಿಹೋಯಿತು. ಕಪಾಟಿನ ಮೇಲೆ ಹತ್ತಿಸಿದ ಮನುಷ್ಯ ಎಂಥವನು ಎಂದು ಅವರಿಗೆ ಒಮ್ಮೆ ತೋರಿಸಬೇಕಿತ್ತು. ಯಲ್ಲವ್ವನ ಸೋರೆಯೇ ನನ್ನ ಚಿತ್ರ ಎಂದು ನಿಶ್ಚಯಿಸಿದೆ.

ತೊಂದರೆ ಏನೆಂದರೆ, ಕಾಯಿಯ ಚಂದದ ಕತ್ತು ಆಚೆ ಬದಿಗೆ, ಬೇಲಿಯ ಕಡೆಗಿತ್ತು. ಆ ಕಡೆ ಕುಳಿತುಕೊಳ್ಳಲು ಜಾಗವಿಲ್ಲ, ಬೆಳಕೂ ಬೀಳುವುದಿಲ್ಲ. ಪಾಠದ ಕೋಣೆಯಲ್ಲಿ ಮೂಳೆಯನ್ನು ಬೇಕಾದ ಹಾಗೆ ತಿರುಗಿಸಿಟ್ಟುಕೊಂಡು ಬರೆದ ಅಭ್ಯಾಸ ನನಗೆ. ಒಂದು ಭಾನುವಾರ ಎಲ್ಲರಿಗಿಂತ ಮುಂಚೆ ಹೋದೆ. ಕಾಯಿಗೆ ಆಸರೆಯಾಗಿ ಯಲ್ಲವ್ವ ಕಟ್ಟಿದ್ದ ತೆಂಗಿನ ನಾರಿನ ಹಗ್ಗ ಬಿಚ್ಚಿ, ಎರಡೂ ಕೈಯಲ್ಲಿ ಕಾಯಿಯನ್ನು ಹಿಡಿದು ಮೆಲ್ಲಗೆ ಅರ್ಧ ಸುತ್ತು ತಿರುವಿ, ಕತ್ತು ನನ್ನ ಕಡೆಗೆ ಬರುವ ಹಾಗೆ ಮತ್ತೆ ಹಗ್ಗ ಬಿಗಿದೆ. ಚಿತ್ರ ಮುಗಿದ ಕೂಡಲೇ ಮೊದಲಿನಂತೆ ಮಾಡಿದರಾಯಿತು ಎಂದುಕೊಂಡೆ. ಹತ್ತು ಗಂಟೆಗೆ ನೆನಪಿಟ್ಟು ಹಾಗೇ ಮಾಡಿದೆ ಕೂಡ. ಮುಂದಿನ ಭಾನುವಾರ ಮತ್ತೆ ತಿರುವಿದೆ, ಮತ್ತೆ ಸರಿಮಾಡಿದೆ. ಅದು ಮೂಳೆಯಲ್ಲ, ತೊಟ್ಟಿನಲ್ಲಿ ರಸ ಹರಿಯುವ ಕಾಯಿ ಎಂದು ನನ್ನ ತಲೆಗೆ ಹೋಗಲಿಲ್ಲ. ಆ ಎರಡು ಭಾನುವಾರ ನಾನು ಬರೆದ ಹಾಗೆ ಜನ್ಮದಲ್ಲಿ ಬರೆದಿರಲಿಲ್ಲ. ಪೂರ್ವದ ಬೆಳಕು ಕತ್ತಿನ ಮೇಲಿನ ಎಳೆ ರೋಮಕ್ಕೆ ತಾಗಿ ಕಾಯಿಯೇ ಉಸಿರಾಡಿದಂತೆ ಕಾಣುತ್ತಿತ್ತು. ಟೀಚರು ಹಿಂದೆ ಬಂದು ನಿಂತು ನನ್ನ ಬೆನ್ನು ತಟ್ಟಿ ಹೋದರು. ಅಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಿದಾಗಲೂ ಆಗಿರಲಿಲ್ಲ.

ಮೂರನೆಯ ಭಾನುವಾರ ಹೋದಾಗ ತೋಟದವರೆಲ್ಲ ಚಪ್ಪರದ ಕೆಳಗೆ ನೆರೆದಿದ್ದರು. ಕಾಯಿ ಹಿಂದಿನ ದಿನ ಉದುರಿತ್ತು. ತೊಟ್ಟು ಕಪ್ಪಾಗಿ, ಕತ್ತಿನ ಮೇಲ್ಭಾಗ ಮೆತ್ತಗಾಗಿತ್ತು. ಯಲ್ಲವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದಲ್ಲಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಉಗುರಿನಿಂದ ಸಿಪ್ಪೆ ಒತ್ತಿ ಎಷ್ಟು ಬಲಿತಿದೆ ಎಂದು ನೋಡುತ್ತಿದ್ದಳು.

ಮಾತು ಸುರುವಾಯಿತು. ಇವರು ಬಂದ ಮೊದಲ ದಿನವೇ ನಾವು ಹೇಳಿರಲಿಲ್ಲವೇ, ಐದು ಬೆರಳು ಒಟ್ಟಿಗೆ ಚಾಚಿದವರು ಇವರು, ಆಮೇಲೂ ಯಾರೂ ನೋಡದಾಗ ಪೆನ್ಸಿಲು ಹಿಡಿದಿರಬೇಕು ಎಂದು ಒಬ್ಬೊಬ್ಬರೂ ಹೇಳಿದರು. ಚಿತ್ರದವರು ಇನ್ನು ತೋಟಕ್ಕೆ ಬರುವುದು ಬೇಡ ಎಂದು ಒಂದಿಬ್ಬರು ಕಡ್ಡಿ ಮುರಿದ ಹಾಗೆ ಹೇಳಿದರು. ಹಮೀದ್ ಬ್ಯಾರಿಗಳು ಟೀಚರ ಮುಖ ನೋಡಲಾಗದೆ ಕೀಲಿಕೈ ತಿರುಗಿಸುತ್ತಾ ನಿಂತಿದ್ದರು. ಆಗ ನಾನು ಏನು ಮಾಡಬೇಕಿತ್ತು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಮಾಡಿದ್ದು ಭಾಷಣ. ಬೆರಳಿಗೂ ಕಾಯಿಗೂ ಸಂಬಂಧವೇ ಇಲ್ಲ, ಇದೆಲ್ಲ ಮೂಢನಂಬಿಕೆ, ಓದಿದವರ ಬೀದಿಯಲ್ಲಿ ಇಂಥ ಮಾತು ನಾಚಿಕೆಗೇಡು ಎಂದು ಗಂಟಲು ಹರಿಯುವಂತೆ ವಾದಿಸಿದೆ. ನನ್ನಷ್ಟು ಖಾತ್ರಿಯಾಗಿ ಆ ಮಾತು ಹೇಳಬಲ್ಲವರು ಅಲ್ಲಿ ಬೇರೆ ಯಾರಿದ್ದರು? ಕಾಯಿ ಯಾಕೆ ಬಿತ್ತು ಎಂದು ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ನಾನು ಹೇಳಿದ್ದು ಪೂರಾ ನಿಜ, ಮತ್ತು ಅಷ್ಟು ದೊಡ್ಡ ಸುಳ್ಳನ್ನು ನಾನು ಯಾವತ್ತೂ ಹೇಳಿಲ್ಲ.

ಯಲ್ಲವ್ವ ಎದ್ದು ನಿಂತಳು. "ಯಾರ ಬೆರಳಂತ ಹೆಂಗ ಹೇಳೂದ್ರಿ? ಕಟ್ಟಡದ ಮ್ಯಾಲಿಂದ ಗೆಳತ್ಯಾರಿಗೆ ನಾನಾ ತೋರಿಸೀನಿ, ನೋಡ್ರಿ ನಮ್ಮವ್ವನ ಕಾಯಿ ಅಂತ. ಬಿಡ್ರಿ, ಹೋಗಲಿ" ಎಂದಳು. ಕಳೆದುಕೊಂಡವಳೇ ಹಾಗೆಂದ ಮೇಲೆ ಉಳಿದವರಿಗೆ ಮಾತು ಎಲ್ಲಿಯದು. ಗುಂಪು ಚದುರಿತು. ಬ್ಯಾರಿಗಳು ಎಂದಿನಂತೆ ಎಲ್ಲರಿಗೂ ಹಾಲಿಲ್ಲದ ಕಣ್ಣ ಚಾ ತಂದುಕೊಟ್ಟರು. ಯಲ್ಲವ್ವ ಕತ್ತಿನ ಕೊಳೆತ ಭಾಗ ಕತ್ತರಿಸಿ ತೆಗೆದು, ಉಳಿದ ಕಾಯಿಯನ್ನು ಶೆಡ್ಡಿನ ನೆರಳಿಗೆ ತೂಗಹಾಕಿದಳು. ಒಳಗಿನ ಎಳೆ ಬೀಜ ಹಾಗೆಯೇ ಸ್ವಲ್ಪ ಬಲಿತರೂ ಬಲಿಯಬಹುದು ಎಂಬ ಆಸೆ ಅವಳದು. ಅವತ್ತು ನಾನು ಕುಂಚ ಮುಟ್ಟಲಿಲ್ಲ.

ಪ್ರದರ್ಶನ ಬಂತು. ಮುಚ್ಚಿಡುವುದೇಕೆ, ಸೋರೆಯ ಚಿತ್ರ ಎಲ್ಲರ ಕಣ್ಣಿಗೂ ಬಿತ್ತು. ಕಾಲೇಜಿನ ಹಿರಿಯ ಡಾಕ್ಟರೊಬ್ಬರು ನನ್ನ ಕೈ ಕುಲುಕಿ, ಇಷ್ಟು ವರ್ಷ ನಿಮ್ಮ ಕೈಯಲ್ಲಿ ಬರೀ ಮೂಳೆ ಬರೆಸಿದೆವಲ್ಲ ಎಂದರು. ಈ ಮಾತಿಗಾಗಿ ನಾನು ಹಾತೊರೆದಿದ್ದೆ. ಅದು ಬಂದಾಗ ಚಿತ್ರಕ್ಕೆ ಬೆನ್ನು ಹಾಕಿ ನಿಂತೆ. ಸಂಜೆ ಐದರ ಹೊತ್ತಿಗೆ ಬಾಗಿಲಲ್ಲಿ ಯಲ್ಲವ್ವ ಕಾಣಿಸಿದಳು. ಪೆಟ್ಟಿಗೆಯಿಂದ ತೆಗೆದುಟ್ಟ ಇಳಕಲ್ ಸೀರೆ, ತಲೆ ಮೇಲೆ ಸೆರಗು. ಟೀಚರೇ ಹೇಳಿ ಕಳಿಸಿದ್ದರಂತೆ. ಒಂದೊಂದೇ ಚಿತ್ರದ ಮುಂದೆ ನಿಂತು, ಇದು ಬ್ಯಾರಿಗಳ ಪಡುವಲ, ಇದು ನಮ್ಮ ಬಾವಿ ಎಂದು ಗುರುತಿಸುತ್ತಾ ಬಂದಳು. ನನ್ನ ಚಿತ್ರದ ಮುಂದೆ ಬಂದು ನಿಂತವಳು ಅಲ್ಲಿಂದ ಕದಲಲಿಲ್ಲ. ಕಡೆಗೆ ಬಲಗೈ ಎತ್ತಿದಳು. ಬರೆದ ಕಾಯಿಗೂ ಬೆರಳು ಚಾಚಲಿಲ್ಲ. ಬೆರಳು ಮಡಚಿ, ಗೆಣ್ಣಿನಿಂದ ಚಿತ್ರದ ತೊಟ್ಟನ್ನು ತೋರಿಸಿದಳು. ಆಮೇಲೆ ನನ್ನ ಮುಖ ನೋಡಿ, ಮುಂದಿನ ಚಿತ್ರಕ್ಕೆ ಹೋದಳು.

ನಾನು ಹತ್ತಿರ ಹೋಗಿ ನೋಡಿದೆ. ಅಯ್ಯೋ ದೇವರೇ. ತೊಟ್ಟಿನ ತಿರುಚು ಅಲ್ಲಿತ್ತು. ಹಗ್ಗ ಹಿಂಡಿದ ಹಾಗೆ ಅರ್ಧ ಸುತ್ತು, ಅದರ ಮಧ್ಯೆ ಎಳೆಯಷ್ಟು ಸೀಳು, ಸೀಳಿನಲ್ಲಿ ಒಸರಿದ ಒಂದು ಹನಿ. ಒಂದು ನರವನ್ನೂ ಆಚೀಚೆ ಮಾಡದ ನನ್ನ ಕೈ ಕಂಡದ್ದನ್ನೆಲ್ಲ ಬರೆದಿಟ್ಟಿತ್ತು. ಎರಡು ಭಾನುವಾರ ಅದನ್ನು ನೋಡಿ ನೋಡಿ ಬರೆದ ನಾನೇ ಅದನ್ನು ಕಂಡಿರಲಿಲ್ಲ. ಜೀವವಿಲ್ಲ ಎಂದು ಟೀಚರು ಅವತ್ತು ಹೇಳಿದ್ದು ಏನೆಂದು ನನಗೆ ಅರ್ಥವಾದದ್ದು ಆ ಹೊತ್ತಿಗೆ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಶೆಡ್ಡಿಗೆ ಹೋದೆ. ಯಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಕಾಯಿ ತಿರುವಿದ್ದು ನಾನು ಎಂದಷ್ಟೇ ಹೇಳಿದೆ. ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ ಹೇಳಿದಳು:

"ಗೊತ್ತೈತ್ರಿ ಸರ. ಬಿದ್ದ ದಿನಾನ ತೊಟ್ಟ ನೋಡಿದ್ದೆ. ಅದರ ಮುಂದ ಕುಂತು ಬರದವ್ರು ನೀವೊಬ್ಬರಾ ಅಲ್ರಿ. ನಿನ್ನೆ ನೀವಾ ಬರದಿದ್ದೂ ನೋಡಿದೆ."

ಮತ್ತೆ ಅಷ್ಟು ಜನರ ಮುಂದೆ ಬೆರಳು ನಿನ್ನದೇ ಎಂದೆಯಲ್ಲ, ಯಾಕೆ ಎಂದು ಕೇಳಿದೆ.

"ಬೆರಳಿಂದ ಹೋತು ಅಂದ್ರ ಅದು ಎಲ್ಲಾರ ತಪ್ಪರಿ, ನಾಕ ದಿನ ಮಾತಾಡಿ ಬಿಡ್ತಾರ. ಕೈಯಿಂದ ಹೋತು ಅಂದ್ರ ನಿಮ್ಮೊಬ್ಬರ ತಪ್ಪು. ಆಮ್ಯಾಲ ನಿಮ್ಮನ್ನ ಈ ಬೀದಿಯಾಗ ಯಾರರ ಮಾತಾಡಸ್ತಿದ್ರೇನು? ಆ ಟೀಚರಮ್ಮನ್ನ ಒಳಗ ಬಿಡ್ತಿದ್ರೇನು? ನಮ್ಮೂರು ಮುಳುಗಿದಾಗ ಯಾರ ಜೋಡಿ ಯಾರೂ ಇಲ್ಲದಂಗ ಆತ್ರಿ. ಒಂದು ಕಾಯಿಗೆ ಅದು ಬ್ಯಾಡ ಅನಿಸ್ತು."

ನಾನು ಅತ್ತೆ. ನಲವತ್ತಾರು ವರ್ಷದ ಗಂಡಸು ತಗಡಿನ ಶೆಡ್ಡಿನ ಬಾಗಿಲಲ್ಲಿ ಕುಳಿತು ಅತ್ತದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅವಳು ಬೆಲ್ಲ ಹಚ್ಚಿದ ಒಂದು ರೊಟ್ಟಿ ಕೈಗಿಟ್ಟಳು. ಆ ಚಿತ್ರ ನಿನಗೇ ಕೊಡುತ್ತೇನೆ ಎಂದೆ. ತೂಗಹಾಕಲು ಗೋಡೆ ಎಲ್ಲಿದೆ ಸರ, ತಗಡಿಗೆ ಮೊಳೆ ಹೊಡೆದರೆ ಮಳೆ ಒಳಗೆ ಬರುತ್ತದೆ ಎಂದು ನಕ್ಕಳು. ಬೇಡ ಎನ್ನುವುದನ್ನು ಅಷ್ಟು ಹಗುರಾಗಿ ಹೇಳಬಲ್ಲವಳು ಅವಳು.

ನಾನು ಆ ವಾರವೇ ಟೀಚರಿಗೂ ಬ್ಯಾರಿಗಳಿಗೂ ನಡೆದದ್ದೆಲ್ಲ ಹೇಳಿದೆ. ಬ್ಯಾರಿಗಳು ಒಂದು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಟೀಚರು ಮಾತ್ರ, ತೊಟ್ಟು ನೋಡಿದಾಗಲೇ ನನಗೂ ಸಂಶಯ ಬಂದಿತ್ತು ಭಟ್ರೇ, ನೀವಾಗಿ ಹೇಳುವಿರಾ ಎಂದು ಕಾಯುತ್ತಿದ್ದೆ ಎಂದರು. ಯಲ್ಲವ್ವನನ್ನು ಪ್ರದರ್ಶನಕ್ಕೆ ಕರೆದದ್ದು ಯಾಕೆಂದು ಆಗ ತಿಳಿಯಿತು.

ಏಪ್ರಿಲಿನಲ್ಲಿ ಪಕ್ಕದ ಕಟ್ಟಡ ಮುಗಿಯಿತು. ಶೆಡ್ಡಿನವರನ್ನು ಬಜಗೋಳಿಯ ಹತ್ತಿರದ ಕೆಲಸಕ್ಕೆ ಕರೆದರು. ಹೊರಡುವ ದಿನ ಯಲ್ಲವ್ವ ನಮ್ಮ ಮನೆಗೆ ಬಂದಳು. ನೆರಳಿಗೆ ಹಾಕಿದ್ದ ಕಾಯಿಯಿಂದ ಗಟ್ಟಿ ಎನ್ನಬಹುದಾದ ಒಂಬತ್ತು ಬೀಜ ಸಿಕ್ಕಿದ್ದವು. ಬೂದಿಯಲ್ಲಿ ಹೊರಳಿಸಿದ ನಾಲ್ಕನ್ನು ನನ್ನ ಅಂಗೈಗೆ ಹಾಕಿದಳು. ಅವಳದು ಹೋದರೆ ನನ್ನಲ್ಲಿರುತ್ತದೆ, ನನ್ನದು ಹೋದರೆ ಅವಳಲ್ಲಿರುತ್ತದೆ, ಅಷ್ಟೇ ಲೆಕ್ಕ. ಕೆಡಿಸಿದ ಕೈಗೇ ಕೊಡುತ್ತೀಯಲ್ಲ ಎಂದೆ. ಇನ್ನೊಮ್ಮೆ ಕೆಡಿಸುವುದಿಲ್ಲ ಎಂದು ಖಾತ್ರಿ ಇರುವುದು ಈ ಕೈ ಒಂದೇ ಎಂದಳು.

ಜೂನಿನ ಮೊದಲ ಮಳೆ ಹದವಾಗಿ ಬಿದ್ದ ಮೇಲೆ ಹಿತ್ತಲಿನ ಗೋಡೆಯ ಬುಡದಲ್ಲಿ ನಾಲ್ಕನ್ನೂ ಊರಿದೆ. ವಾರವಾಯಿತು, ಹತ್ತು ದಿನವಾಯಿತು. ಕೊಡೆ ಹಿಡಿದು ಗಳಿಗೆಗೊಮ್ಮೆ ಹೋಗಿ ನೋಡುವ ನನ್ನನ್ನು ಕಂಡು ಹೆಂಡತಿ, ಮಗಳು ಹುಟ್ಟಿದ ದಿನವೂ ನೀವು ಇಷ್ಟು ಸಲ ಬಾಗಿಲಿಗೆ ಬಂದಿರಲಿಲ್ಲ ಎಂದು ಚುಚ್ಚಿದಳು. ಹದಿಮೂರನೆಯ ದಿನ ಒಂದೇ ಒಂದು ಮೊಳಕೆ ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡು ಎದ್ದಿತು. ಉಳಿದ ಮೂರು ಏಳಲೇ ಇಲ್ಲ. ಆ ಬಳ್ಳಿಗೆ ನಾನು ತಗಡಿನ ಮಾಡು ಕಟ್ಟಿದೆ, ಬಸವನಹುಳ ಹೆಕ್ಕಿದೆ, ಹೂವಿನಿಂದ ಹೂವಿಗೆ ನನ್ನ ಕುಂಚದಿಂದಲೇ ಪರಾಗ ಮುಟ್ಟಿಸಿದೆ. ಹೀಚುಗಳನ್ನು ಕಿತ್ತು ಒಂದನ್ನೇ ಬಿಟ್ಟೆ. ಅದರ ಕತ್ತು ಸರಿಯಾಗಿ ಗೋಡೆಯ ಕಡೆಗೆ ಬಾಗಿತು. ಕೈ ಎಷ್ಟು ತುರಿಸಿದರೂ ಮುಟ್ಟಲಿಲ್ಲ. ಪ್ರತಿ ಭಾನುವಾರ ಎದುರು ಕುಳಿತು ಅದು ತೋರಿಸಿದಷ್ಟನ್ನೇ ಬರೆದೆ. ಗುಂಡಗಿನ ಬೆನ್ನು, ಅದರ ಮೇಲೆ ಮಳೆಗಾಲದ ಮಂಕು ಬೆಳಕು, ಅಷ್ಟೇ.

ಜನವರಿಯಲ್ಲಿ ಕಾಯಿ ಪೂರಾ ಒಣಗಿದ ಮೇಲೆ ಕಾರ್ಕಳದಲ್ಲಿ ಟೀಚರಿಗೆ ಹೇಳಿ, ಅವರು ಬಜಗೋಳಿಗೆ ಹೋಗುವ ಯಾರಿಗೋ ಹೇಳಿ, ಒಂದು ಭಾನುವಾರ ಯಲ್ಲವ್ವ ಬಂದಳು. ಮೊದಲಿಗಿಂತ ಬಡಕಲಾಗಿದ್ದಳು. ಅವಳು ಹಾಕಿದ ಐದರಲ್ಲಿ ಒಂದೂ ಹುಟ್ಟಿರಲಿಲ್ಲ. ಅದನ್ನು ಅವಳು ಜಗಲಿಯಲ್ಲಿ ಕುಳಿತು ನೀರು ಕುಡಿದ ಮೇಲೆ ಹೇಳಿದಳು. ನಾನು ಒಳಗಿನಿಂದ ಒಣಗಿದ ಸೋರೆಯನ್ನು ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿವಿಗೆ ಹಿಡಿದು ಒಮ್ಮೆ ಅಲುಗಾಡಿಸಿದಳು. ಒಳಗೆ ಗಲಗಲ ಎಂದಿತು. ಮತ್ತೊಮ್ಮೆ ಅಲುಗಾಡಿಸಿದಳು. ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಹೆಂಡತಿ ಅವಳ ಪಕ್ಕ ಹೋಗಿ ಕುಳಿತಳು.

ಬೀಜ ಪಾಲು ಮಾಡುವಾಗ ಗೋಡೆಯ ಮೇಲಿದ್ದ ಚಿತ್ರ ಅವಳ ಕಣ್ಣಿಗೆ ಬಿತ್ತು.

"ಇದರಾಗ ಕತ್ತ ಕಾಣವಲ್ದಲ್ರಿ ಸರ?"

"ಅದು ಗೋಡೆ ಕಡೆ ತಿರುಗಿತ್ತು" ಎಂದೆ.

ಅವಳು ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ತೊಟ್ಟು ಎಲ್ಲಿ, ಹೇಗೆ ಇಳಿದಿದೆ ಎಂದೂ ನೋಡಿದಳು. ಬಜಗೋಳಿಯಲ್ಲಿ ಈಗ ಇರುವುದು ಕಲ್ಲಿನ ಗೋಡೆಯ ಕೋಣೆಯಂತೆ. "ಇದನ್ನ ಕೊಡ್ರಿ" ಎಂದಳು. ಆ ಮೊದಲಿನ ಚಿತ್ರದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಳೆಯ ಚಾರ್ಟಿನಲ್ಲಿ ಚಿತ್ರವನ್ನು ಸುತ್ತಿ ಕೊಟ್ಟೆ. ಒಂದು ಬಗಲಲ್ಲಿ ಅದು, ಇನ್ನೊಂದು ಬದಿಯ ಸೊಂಟದ ಮೇಲೆ ಮಗುವಿನಂತೆ ಸೋರೆ ಬುರುಡೆ, ಸೆರಗಿನ ತುದಿಯಲ್ಲಿ ಬೀಜದ ಗಂಟು. ಬಸ್ಸಿನವರೆಗೆ ನಾನೂ ನಡೆದೆ. ಅಲ್ಲಿ ನಿಂತಿದ್ದ ಎರಡು ಬಸ್ಸುಗಳಲ್ಲಿ ಕಾರ್ಕಳದ್ದು ಯಾವುದು ಎಂದು ಕೇಳಿದಳು. ನಾನು ತೋರಿಸಿದೆ. ಅವಳು ನನ್ನ ಕೈ ನೋಡಿ ನಗತೊಡಗಿದಳು, ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೂ ನಗುತ್ತಲೇ ಇದ್ದಳು. ಆಗಲೇ ನಾನೂ ನೋಡಿಕೊಂಡದ್ದು. ಬಸ್ಸನ್ನೂ ನಾನು ಬೆರಳು ಮಡಚಿಯೇ ತೋರಿಸಿದ್ದೆ.